ಹೋಗದೆ ಉಳಿದ ಕೋಚ್

ಐದನೇ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್‌ಗೆ ಒಂದೇ ವಾರ ಬಾಕಿ ಇತ್ತು. ನಮಗೆ ಹೀಟ್ ಟ್ರಾನ್ಸ್‌ಫರ್ ಹೇಳಿಕೊಡುತ್ತಿದ್ದ ಸರ್ ಕೆಲಸ ಬಿಟ್ಟು ಯಾವುದೋ ಕಂಪನಿ ಸೇರಿಕೊಂಡರು. ಉಳಿದ ಎರಡು ಮಾಡ್ಯೂಲ್‌ಗಳನ್ನು ನಾವು ಯೂಟ್ಯೂಬ್ ನೋಡಿ ಓದಿಕೊಂಡೆವು. ಕ್ಲಾಸಿನವರೆಲ್ಲ ಸರ್‌ನ ಬೈದರು, ನಾನೂ ಬೈದೆ. ಆದರೆ ಒಳಗೊಳಗೇ ಒಂದು ಕಸಿವಿಸಿ. ಜೂನಿಯರ್‌ಗಳಿಗೆ ಲೆಕ್ಕ ಹೇಳಿಕೊಡುವುದೆಂದರೆ ನನಗೆ ತುಂಬಾ ಇಷ್ಟ. ಎಂ.ಟೆಕ್ ಮುಗಿಸಿ ಮೇಷ್ಟ್ರಾಗಬೇಕು ಅನ್ನೋ ಆಸೆಯೂ ಇದೆ. ಮನೆಯಲ್ಲಿ ಎಜುಕೇಶನ್ ಲೋನೂ ಇದೆ. ನಾಳೆ ನನಗೇ ದೊಡ್ಡ ಪ್ಯಾಕೇಜ್ ಸಿಕ್ಕರೆ ನಾನೇನು ಮಾಡುತ್ತೇನೆ?

ಅದೇ ದಿನಗಳಲ್ಲಿ ದೊಡ್ಡಪ್ಪನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಅವನು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಒಂದು ಲಕ್ಷ ಜನ ಕೂರುವ ಸ್ಟೇಡಿಯಂ, ಅದರ ಮುಂದೆ ಹ್ಯಾಟ್ ತೊಟ್ಟ ಮನುಷ್ಯನ ಪ್ರತಿಮೆ. ಯಾರೋ ರಾಜಕಾರಣಿ ಇರಬೇಕು ಅಂದುಕೊಂಡೆ. ಅಲ್ಲ, ಅವರು ಕಾಲೇಜು ಫುಟ್‌ಬಾಲ್ ಕೋಚ್, ಪಾಲ್ ಬ್ರಯಾಂಟ್. ಎಲ್ಲರೂ ಕರೆಯುವುದು ‘ಬೇರ್’ ಬ್ರಯಾಂಟ್ ಎಂದು. ಅವರ ಬದುಕನ್ನು ಓದುತ್ತಾ ಹೋದಂತೆ ನನ್ನ ಪ್ರಶ್ನೆಯೇ ಅಲ್ಲಿ ಎದುರಾಯಿತು.

ಅಮೆರಿಕದ ಫುಟ್‌ಬಾಲ್ ನಾವು ಕಾಲಲ್ಲಿ ಆಡುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಊರಿಗೆ ಊರೇ ಸೇರುತ್ತದೆ. ಅದರ ಮೇಲೆ ವೃತ್ತಿಪರ ಕ್ಲಬ್‌ಗಳ ಲೀಗ್ ಇದೆ. ಕಾಲೇಜಿನಲ್ಲಿ ಗೆದ್ದ ಕೋಚ್‌ಗಳಿಗೆ ಈ ಕ್ಲಬ್‌ಗಳು ಬಲೆ ಬೀಸುತ್ತಲೇ ಇರುತ್ತವೆ. ಕೆಲವರು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ.

ಬ್ರಯಾಂಟ್ ಹುಟ್ಟಿದ್ದು 1913ರಲ್ಲಿ, ಅರ್ಕಾನ್ಸಾ ರಾಜ್ಯದ ಮೋರೊ ಬಾಟಮ್ ಎಂಬ ಹಳ್ಳಿಯಲ್ಲಿ. ಮನೆ ತುಂಬಾ ಮಕ್ಕಳು, ಕಾಯಿಲೆಯ ಅಪ್ಪ. ಅಮ್ಮ ಗಾಡಿ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಿ ತರಕಾರಿ ಮಾರುತ್ತಿದ್ದರು, ಜೊತೆಗೆ ಈ ಹುಡುಗ. ಹದಿಮೂರನೇ ವಯಸ್ಸಿನಲ್ಲಿ, ದುಡ್ಡು ಕೊಡುತ್ತೇವೆ ಎಂದಿದ್ದಕ್ಕೆ ಊರಿನ ಟಾಕೀಸಿನಲ್ಲಿ ಕರಡಿಯ ಜೊತೆ ಕುಸ್ತಿಗಿಳಿದ. ಕರಡಿ ಎಂಬ ಅಡ್ಡಹೆಸರು ಅಂಟಿಕೊಂಡಿತು, ದುಡ್ಡು ಮಾತ್ರ ಬರಲಿಲ್ಲ! ಆಟದ ಬಲದ ಮೇಲೆಯೇ ಅಲಬಾಮಾ ವಿಶ್ವವಿದ್ಯಾಲಯ ಸೇರಿದ ಅವರು 1935ರಲ್ಲಿ, ಮುರಿದ ಕಾಲಿನಲ್ಲೇ ಟೆನೆಸ್ಸಿ ವಿರುದ್ಧ ಆಡಿದ್ದರು. ಮರುವರ್ಷ ವೃತ್ತಿಪರ ಕ್ಲಬ್ ಒಂದು ಅವರನ್ನು ಆರಿಸಿಕೊಂಡಿತು. ಅವರು ಆ ಕಡೆ ಹೋಗದೆ ಕೋಚಿಂಗ್ ಹಿಡಿದರು.

ಇಲ್ಲಿಯವರೆಗೆ ಓದಿ, ಇವರು ಒಂದೇ ಕಡೆ ಬೇರು ಬಿಟ್ಟ ಮನುಷ್ಯ ಎಂದು ಭಾವಿಸಬೇಡಿ. ಅವರು ಮೂರು ವಿಶ್ವವಿದ್ಯಾಲಯಗಳನ್ನು ಬಿಟ್ಟವರು. ಮೊದಲನೆಯದು ಮೇರಿಲ್ಯಾಂಡ್. ನಿಯಮ ಮುರಿದ ಆಟಗಾರನೊಬ್ಬನನ್ನು ಅವರು ತಂಡದಿಂದ ಹೊರಗಿಟ್ಟರೆ, ವಿಶ್ವವಿದ್ಯಾಲಯದ ಅಧ್ಯಕ್ಷರು ಅವನನ್ನು ವಾಪಸ್ ಸೇರಿಸಿದರು. ಚೆನ್ನಾಗಿ ಗೆದ್ದಿದ್ದರೂ ಬ್ರಯಾಂಟ್ ಒಂದೇ ವರ್ಷಕ್ಕೆ ಹೊರಬಿದ್ದರು. ಆಮೇಲೆ ಕೆಂಟಕಿ. ಎಂಟು ವರ್ಷ, 60 ಗೆಲುವು. ಆದರೆ ಆ ಊರಿಗೆ ಬಾಸ್ಕೆಟ್‌ಬಾಲೇ ದೇವರು. ತಮ್ಮ ಆಟ ಅಲ್ಲಿ ಎಂದಿಗೂ ಎರಡನೆಯದೇ ಎಂದು ಅರಿವಾದಾಗ ಅದನ್ನೂ ಬಿಟ್ಟರು.

ಮೂರನೆಯದು ಟೆಕ್ಸಾಸ್ ಎ ಅಂಡ್ ಎಂ. 1954ರ ಬೇಸಿಗೆಯಲ್ಲಿ ಹುಡುಗರನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು ಸುಡುಬಿಸಿಲಲ್ಲಿ, ನೀರೂ ಸರಿಯಾಗಿ ಕೊಡದೆ ಅಭ್ಯಾಸ ಮಾಡಿಸಿದರು. ಎಷ್ಟೋ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಓಡಿಹೋದರು. ಇಂದು ಯಾವ ಕಾಲೇಜೂ ಇದನ್ನು ಸಹಿಸದು, ಸಹಿಸಲೂಬಾರದು. ಆ ವರ್ಷ ಹತ್ತರಲ್ಲಿ ಗೆದ್ದದ್ದು ಒಂದೇ ಪಂದ್ಯ. ಎರಡೇ ವರ್ಷದಲ್ಲಿ ಅದೇ ತಂಡ ತನ್ನ ಲೀಗಿನ ಚಾಂಪಿಯನ್ ಆಯಿತು.

ನನ್ನನ್ನು ಹೆಚ್ಚು ಕಾಡಿದ್ದು 1957. ಎ ಅಂಡ್ ಎಂ ಎಂಟಕ್ಕೆ ಎಂಟೂ ಗೆದ್ದು ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಅಷ್ಟರಲ್ಲಿ, ಕೋಚ್ ಅಲಬಾಮಾಕ್ಕೆ ಹೋಗುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಮುಂದಿನ ಪಂದ್ಯದಲ್ಲಿ ರೈಸ್ ವಿರುದ್ಧ ತಂಡ 7–6ರಿಂದ ಸೋತಿತು. ಆಮೇಲಿನ ಎರಡನ್ನೂ ಸೋತಿತು. ಮೂರರಲ್ಲೂ ಸೋಲಿನ ಅಂತರ ಮೂರು ಅಂಕ ದಾಟಲಿಲ್ಲ. ಆ ಹುಡುಗರ ಸಂಕಟ ನನಗೆ ಗೊತ್ತು. ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ನೋಡಿದವರಿಗೂ ಗೊತ್ತಾಗುತ್ತದೆ.

ತಾಯಿ ಕರೆದಳು, ಅದಕ್ಕೇ ಹೊರಟೆ ಎಂಬ ಅರ್ಥದ ಕಾರಣವನ್ನು ಬ್ರಯಾಂಟ್ ಕೊಟ್ಟರು. ತಾವು ಓದಿದ ಅಲಬಾಮಾವೇ ಆ ತಾಯಿ. ಅದರ ತಂಡ ಆಗ ನೆಲಕಚ್ಚಿತ್ತು, ಮೂರು ವರ್ಷಗಳಲ್ಲಿ ಗೆದ್ದದ್ದು ನಾಲ್ಕೇ ಪಂದ್ಯ. ಬ್ರಯಾಂಟ್ ಮೊದಲ ವರ್ಷದಲ್ಲೇ ಐದು ಗೆಲ್ಲಿಸಿದರು. 1961, 1964, 1965ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ. 1963ರಲ್ಲಿ ತಂಡದ ಜೀವಾಳವಾಗಿದ್ದ ಜೋ ನಾಮತ್ ಶಿಸ್ತು ಮುರಿದಾಗ ಕೊನೆಯ ಎರಡು ಪಂದ್ಯಗಳಿಂದ ಅವನನ್ನು ಹೊರಗಿಟ್ಟರು. ಈ ಸಲ ಅವರ ತೀರ್ಮಾನವನ್ನು ಯಾರೂ ತಿರುಗಿಸಲಿಲ್ಲ. ಎರಡೂ ಪಂದ್ಯ ಗೆದ್ದರು. ಅದೇ ನಾಮತ್ 1965ರಲ್ಲಿ 4,27,000 ಡಾಲರ್ ಒಪ್ಪಂದಕ್ಕೆ ವೃತ್ತಿಪರ ಕ್ಲಬ್ ಸೇರಿ ತಾರೆಯಾದ.

1969ರ ಋತು ಮುಗಿದಾಗ ಬ್ರಯಾಂಟ್ ಅವರನ್ನೇ ಹುಡುಕಿಕೊಂಡು ಕರೆ ಬಂತು. ಹೊಸ ಕ್ಲಬ್ ಮಯಾಮಿ ಡಾಲ್ಫಿನ್ಸ್‌ನ ಮಾಲೀಕ ಜೋ ರಾಬಿ, ಕಾಲೇಜು ಸಂಬಳಕ್ಕೆ ಹೋಲಿಸಲಾಗದಷ್ಟು ದೊಡ್ಡ ಮೊತ್ತ ಮುಂದಿಟ್ಟರು. ಆ ವರ್ಷ ಅಲಬಾಮಾ ಆರು ಗೆದ್ದು ಐದು ಸೋತಿತ್ತು. ಬ್ರಯಾಂಟ್ ಕಾಲ ಮುಗಿಯಿತು ಎಂಬ ಗುಸುಗುಸು ಬೇರೆ. ಜಾಗ ಖಾಲಿ ಮಾಡಲು ಇದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ. ಅವರು ಒಂದು ಹಂತದಲ್ಲಿ ಒಪ್ಪಿಯೂ ಬಿಟ್ಟಿದ್ದರು. ಕೊನೆಗೆ ಹಿಂದೆ ಸರಿದು ಅಲ್ಲೇ ಉಳಿದರು.

ಯಾಕೆ? ನನಗೆ ಅರ್ಥವಾದದ್ದು ಇಷ್ಟು. ಕಾಲೇಜು ಕೋಚ್ ಹುಡುಗರನ್ನು ತಾನೇ ಹುಡುಕುತ್ತಾನೆ. ಅವರ ಮನೆಗೆ ಹೋಗಿ ತಾಯಿ ತಂದೆಗೆ ಮಾತು ಕೊಟ್ಟು ಕರೆತರುತ್ತಾನೆ, ಕೆಲವು ವರ್ಷ ಕೈಯಲ್ಲಿಟ್ಟುಕೊಂಡು ತಿದ್ದುತ್ತಾನೆ. ವೃತ್ತಿಪರ ಕ್ಲಬ್ಬಿನಲ್ಲಿ ಮಾಲೀಕ ಇದ್ದಾನೆ. ಡ್ರಾಫ್ಟ್‌ನಲ್ಲಿ ಸರದಿಯಂತೆ ಸಿಕ್ಕವರನ್ನು ತೆಗೆದುಕೊಳ್ಳಬೇಕು. ಆಟಗಾರರು ಸಂಬಳದ ಒಪ್ಪಂದವಿರುವ ಬೆಳೆದ ಗಂಡಸರು. ಅಲ್ಲಿ ದುಡ್ಡು ಹೆಚ್ಚು, ಕೈ ಕಟ್ಟಿರುತ್ತದೆ. ಬ್ರಯಾಂಟ್ ಮೇರಿಲ್ಯಾಂಡ್ ಬಿಟ್ಟದ್ದಕ್ಕೂ ಅಲಬಾಮಾದಲ್ಲಿ ಉಳಿದದ್ದಕ್ಕೂ ಕಾರಣ ಒಂದೇ ಅನಿಸುತ್ತದೆ. ಕೆಲಸವನ್ನು ತನಗೆ ಸರಿ ಕಂಡಂತೆ ಮಾಡುವ ಸ್ವಾತಂತ್ರ್ಯ.

ಡಾಲ್ಫಿನ್ಸ್‌ಗೆ ನಷ್ಟವೇನೂ ಆಗಲಿಲ್ಲ. ಅವರು ಕರೆತಂದ ಡಾನ್ ಶೂಲಾ 1972ರಲ್ಲಿ ಆಡಿದ 17 ಪಂದ್ಯಗಳನ್ನೂ ಗೆಲ್ಲಿಸಿದರು. ಹಾಗಾಗಿ, ಉಳಿದವನೇ ಜಾಣ, ಹೋದವನು ದಡ್ಡ ಎನ್ನುವಂತಿಲ್ಲ. ಒಬ್ಬರಿಗೆ ಕೈಕಟ್ಟು ಎನಿಸುವ ಕೆಲಸ ಇನ್ನೊಬ್ಬರಿಗೆ ಹೊಂದಿಕೊಳ್ಳುತ್ತದೆ.

ಉಳಿದ ಮಾತ್ರಕ್ಕೆ ಎಲ್ಲ ಸರಿಹೋಗಲೂ ಇಲ್ಲ. ಅಲ್ಲಿಯವರೆಗೆ ಅಲಬಾಮಾ ಪರವಾಗಿ ಆಡುತ್ತಿದ್ದವರೆಲ್ಲ ಬಿಳಿಯರೇ. 1970ರಲ್ಲಿ ಕಪ್ಪು ಆಟಗಾರರಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅವರ ನೆಲದಲ್ಲೇ 42–21ರಿಂದ ಸೋಲಿಸಿತು. ಮರುವರ್ಷ ಅಲಬಾಮಾ ಪರ ಮೊದಲ ಬಾರಿಗೆ ಕಪ್ಪು ಆಟಗಾರರು ಕಣಕ್ಕಿಳಿದರು. ಅಷ್ಟು ಅಧಿಕಾರವಿದ್ದ ಮನುಷ್ಯ ಈ ಕೆಲಸವನ್ನು ಎಷ್ಟೋ ಮೊದಲೇ ಮಾಡಬಹುದಿತ್ತು ಎಂಬ ಟೀಕೆ ಇದೆ, ನನಗೂ ಅದು ನಿಜ ಅನಿಸುತ್ತದೆ. ಆದರೆ ಐವತ್ತೇಳು ದಾಟಿದ ಮೇಲೆ ಅವರು ತಂಡದ ಆಟದ ಪದ್ಧತಿಯನ್ನೇ ಬದಲಿಸಿದರು. ಆ ದಶಕದಲ್ಲಿ 103 ಗೆಲುವು, ಮತ್ತೆ ಮೂರು ರಾಷ್ಟ್ರೀಯ ಪಟ್ಟ.

1982ರ ಡಿಸೆಂಬರ್ 29ರಂದು ಕೊನೆಯ ಪಂದ್ಯ ಗೆದ್ದಾಗ ಅವರ ಒಟ್ಟು ಗೆಲುವು 323. ಅದಾಗಿ ನಾಲ್ಕೇ ವಾರಕ್ಕೆ, 1983ರ ಜನವರಿ 26ರಂದು ಹೃದಯಾಘಾತದಿಂದ ತೀರಿಕೊಂಡರು. ಟಸ್ಕಲೂಸಾದಿಂದ ಬರ್ಮಿಂಗ್‌ಹ್ಯಾಮ್‌ವರೆಗೆ ಹೆದ್ದಾರಿಯ ಉದ್ದಕ್ಕೂ ಜನ ನಿಂತಿದ್ದರಂತೆ. ಅಷ್ಟು ಪಟ್ಟ ಗೆದ್ದವರ ಬೆರಳಲ್ಲಿ ಇದ್ದದ್ದು ಒಂದೇ ಉಂಗುರ, ಜಂಕ್ಷನ್‌ನಲ್ಲಿ ಅವರ ಕೈಯಲ್ಲಿ ಪಾಡುಪಟ್ಟ ಹುಡುಗರು ಕೊಟ್ಟದ್ದು ಎಂದು ಹೇಳುತ್ತಾರೆ. ಆ ಹುಡುಗರನ್ನೂ ಅವರು ಬಿಟ್ಟು ಬಂದಿದ್ದರು ಎಂಬುದನ್ನು ನೆನೆದರೆ ಏನೋ ಒಂಥರಾ ಆಗುತ್ತದೆ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಸರ್ ಸಿಕ್ಕಿದ್ದರು. ಇಂಟರ್ನಲ್ಸ್ ಹೇಗಾಯ್ತಪ್ಪಾ ಅಂತ ಅವರೇ ಮೊದಲು ಕೇಳಿದರು. ಕಷ್ಟ ಆಯ್ತು ಸರ್ ಅಂದೆ. ಅವರು ತಲೆ ತಗ್ಗಿಸಿದರು. ಕಾಲೇಜಿನಲ್ಲಿದ್ದಾಗ ಅವರು ಬೋರ್ಡಿನ ಮುಂದೆ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ಫೈಲುಗಳ ಮುಂದೆ ಇರುತ್ತಿದ್ದುದು ನನಗೆ ಆಗ ನೆನಪಾಯಿತು. ಯಾಕೆ ಬಿಟ್ಟಿರಿ ಅಂತ ಕೇಳಲಿಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಇರಬೇಕಿತ್ತು ಎಂಬ ಬೇಸರ ಇನ್ನೂ ಇದೆ. ಬೈಯುವ ಮನಸ್ಸು ಮಾತ್ರ ಉಳಿದಿಲ್ಲ.

ಬರುವ ವರ್ಷ ನಮಗೂ ಪ್ಲೇಸ್‌ಮೆಂಟ್. ಆಫರ್ ಲೆಟರ್ ಕೈಗೆ ಬಂದರೆ ಸಂಬಳದ ಸಾಲನ್ನೇ ಮೊದಲು ಓದುತ್ತೇನೆ, ಸುಳ್ಳು ಯಾಕೆ ಹೇಳಲಿ! ಆಮೇಲೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು ಅಂದುಕೊಂಡಿದ್ದೇನೆ. ನನಗೆ ಇಷ್ಟವಾದ ಕೆಲಸವನ್ನು ಅಲ್ಲಿ ಮಾಡಲು ಬಿಡುತ್ತಾರಾ? ನಾನು ಎದ್ದು ಹೊರಟರೆ ಯಾರ ಪಂದ್ಯ ಅರ್ಧಕ್ಕೆ ನಿಲ್ಲುತ್ತದೆ?