ಹಾರ್ನಿಮನ್ ಸರ್ಕಲ್‌ಗೆ ಹೆಸರು ಕೊಟ್ಟ ಸಂಪಾದಕ

ಮುಂಬಯಿ: ಫೋರ್ಟ್ ಪರಿಸರದಲ್ಲಿ ದುಡಿಯುವ ನಮ್ಮ ಕನ್ನಡಿಗರಿಗೆ ಹಾರ್ನಿಮನ್ ಸರ್ಕಲ್ ಹೊಸದೇನಲ್ಲ. ಬ್ಯಾಂಕ್ ನೌಕರರು, ಹೋಟೆಲ್ ಬಂಧುಗಳು ದಿನವೂ ಅದನ್ನು ಬಳಸಿಕೊಂಡೇ ಹೋಗುತ್ತಾರೆ. ಏಷ್ಯಾಟಿಕ್ ಗ್ರಂಥಾಲಯದ ಮೆಟ್ಟಿಲ ಮೇಲೆ ಕುಳಿತು ಎದುರಿನ ಉದ್ಯಾನವನ್ನು ನೋಡಿದವರೂ ಹಲವರು. ಆದರೆ ಹಾರ್ನಿಮನ್ ಯಾರೆಂದು ಕೇಳಿದರೆ ಹಿಂದಿನ ಯಾವನೋ ಗವರ್ನರ್ ಇರಬೇಕು ಎನ್ನುವವರೇ ಹೆಚ್ಚು. ಗವರ್ನರ್ ಹೆಸರು ಇದ್ದದ್ದು ನಿಜ. ಮೊದಲು ಅದು ಎಲ್ಫಿನ್‌ಸ್ಟನ್ ಸರ್ಕಲ್. ಸ್ವಾತಂತ್ರ್ಯದ ಬಳಿಕ ಅದನ್ನು ತೆಗೆದು ಇಟ್ಟದ್ದು ಮತ್ತೊಬ್ಬ ಇಂಗ್ಲಿಷರ ಹೆಸರನ್ನೇ!

ಬೆಂಜಮಿನ್ ಗೈ ಹಾರ್ನಿಮನ್ 1873ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1906ರಲ್ಲಿ ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆಗೆ ಬಂದರು. 1913ರಲ್ಲಿ ಸರ್ ಫಿರೋಜ್‌ಷಾ ಮೆಹ್ತಾ ಅವರ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕರಾಗಿ ಮುಂಬಯಿ ಸೇರಿದರು. ಆಗ ಜಾರಿಯಲ್ಲಿದ್ದ 1910ರ ಪತ್ರಿಕಾ ಕಾಯಿದೆಯಂತೆ ಸರಕಾರ ಪತ್ರಿಕೆಗಳಿಂದ ಠೇವಣಿ ಕೇಳಬಹುದಿತ್ತು, ಬರೆದದ್ದು ಹಿಡಿಸದಿದ್ದರೆ ಅದನ್ನು ಮುಟ್ಟುಗೋಲು ಹಾಕಬಹುದಿತ್ತು. ಇಂಥ ಕಾನೂನನ್ನು ಎದುರಿಸಲು 1915ರಲ್ಲಿ ಅವರು ಪತ್ರಕರ್ತರ ಸಂಘವೊಂದನ್ನು ಕಟ್ಟಿ ಅದರ ಅಧ್ಯಕ್ಷರಾದರು. ಸಂಘ ಕಟ್ಟುವ ಕಷ್ಟ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರ ನಿಜವಾದ ಪರೀಕ್ಷೆ ನಡೆದದ್ದು 1919ರಲ್ಲಿ. ರೌಲತ್ ಕಾಯಿದೆಯ ವಿರುದ್ಧ ಗಾಂಧೀಜಿ ಸ್ಥಾಪಿಸಿದ ಸತ್ಯಾಗ್ರಹ ಸಭೆಗೆ ಹಾರ್ನಿಮನ್ ಉಪಾಧ್ಯಕ್ಷರು. ಏಪ್ರಿಲ್ 6ರಂದು ಮುಂಬಯಿಯಲ್ಲಿ ಹರತಾಳ. ಅಂದು ಸಂಜೆ ಸತ್ಯಾಗ್ರಹಿಗಳು ಸರಕಾರ ನಿಷೇಧಿಸಿದ್ದ ಗಾಂಧೀಜಿಯವರ ಪುಸ್ತಕಗಳನ್ನು ಬಹಿರಂಗವಾಗಿಯೇ ಮಾರಿದರು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತು. ಸತ್ತವರು 379 ಎಂಬುದು ಸರಕಾರ ಒಪ್ಪಿಕೊಂಡ ಲೆಕ್ಕ ಮಾತ್ರ. ಪಂಜಾಬಿಗೆ ಮಾರ್ಷಲ್ ಲಾ ಬಂತು, ಅಲ್ಲಿನ ಸುದ್ದಿ ಹೊರಬಾರದಂತೆ ಬಿಗಿ ಕಾವಲು ಬಿತ್ತು.

ಏಪ್ರಿಲ್ 26ರಂದು ಹಾರ್ನಿಮನ್ ಅವರನ್ನು ಹಿಡಿದು ಹಡಗು ಹತ್ತಿಸಲಾಯಿತು. ಮೊಕದ್ದಮೆ ಇಲ್ಲ, ವಿಚಾರಣೆ ಇಲ್ಲ. ದೆಹಲಿಯ ಗೋಲಿಬಾರಿನ ಬಗ್ಗೆ ಸುಳ್ಳು ಬರೆದರು, ಬ್ರಿಟಿಷ್ ಸೈನಿಕರಿಗೆ ಪತ್ರಿಕೆಯನ್ನು ಪುಕ್ಕಟೆ ಹಂಚಿಸಿದರು ಎಂಬುದು ಸರಕಾರದ ಆರೋಪ. ಕ್ರಾನಿಕಲ್ ಕೆಲಕಾಲ ನಿಂತಿತು. ಆ ಕೊರತೆ ತುಂಬಲು ಗಾಂಧೀಜಿಯವರು ವಾರಪತ್ರಿಕೆಯಾಗಿದ್ದ ಯಂಗ್ ಇಂಡಿಯಾವನ್ನು ವಾರಕ್ಕೆರಡು ಬಾರಿ ಹೊರಡಿಸಿದರು.

ಇಲ್ಲಿ ಒಂದು ಮಾತು. ಸಂಪಾದಕರು ಗಡೀಪಾರಾದರು, ಸರಿ. ಆದರೆ ಪಂಜಾಬಿನ ಸುದ್ದಿ ಬರೆದ ಕ್ರಾನಿಕಲ್ ಬಾತ್ಮೀದಾರ ಗೋವರ್ಧನ ದಾಸ್ ಅವರಿಗೆ ಸಿಕ್ಕಿದ್ದು ಮೂರು ವರ್ಷದ ಜೈಲು. ಸಂಪಾದಕರ ಹೆಸರಿನಲ್ಲಿ ಸರ್ಕಲ್ ಇದೆ, ಈ ಬಾತ್ಮೀದಾರನನ್ನು ನೆನೆಯುವವರು ಅಪರೂಪ.

ಇಂಗ್ಲೆಂಡಿಗೆ ಕಳುಹಿಸಿದರೆ ಬಾಯಿ ಮುಚ್ಚುತ್ತಾರೆಂದು ಸರಕಾರ ಎಣಿಸಿದ್ದರೆ ಅದು ಸುಳ್ಳಾಯಿತು. ಹಾರ್ನಿಮನ್ ಅಲ್ಲಿನ ಡೈಲಿ ಹೆರಾಲ್ಡ್‌ನಲ್ಲಿ ಹತ್ಯಾಕಾಂಡದ ವಿವರ ಬರೆದರು. 1920ರಲ್ಲಿ ಅಮೃತಸರದ ಕುರಿತೇ ಪುಸ್ತಕ ತಂದರು. ಭಾರತಕ್ಕೆ ಮರಳಲು ಪಾಸ್‌ಪೋರ್ಟ್ ಸಿಗಲಿಲ್ಲ. ಆದರೂ ಬಿಡದೆ 1926ರ ಜನವರಿಯಲ್ಲಿ ಬಂದೇ ಬಂದರು, ಮತ್ತೆ ಕ್ರಾನಿಕಲ್ ಸೇರಿದರು. ಹಿಂದೆ ಅವರ ಕೈಕೆಳಗೆ ಅಲ್ಲಿ ಪಳಗಿದವರಲ್ಲಿ ಪೋತನ್ ಜೋಸೆಫ್ ಒಬ್ಬರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಆರಂಭವಾದಾಗ ಅದರ ಮೊದಲ ಸಂಪಾದಕರು ಅವರೇ ಎಂಬುದು ನಮಗೆ ಹೆಮ್ಮೆಯ ವಿಷಯ.

ಹಾರ್ನಿಮನ್ 1933ರಲ್ಲಿ ಬಾಂಬೆ ಸೆಂಟಿನೆಲ್ ಎಂಬ ಸಂಜೆ ಪತ್ರಿಕೆಯನ್ನು ಆರಂಭಿಸಿ, 1945ರ ತನಕ ಹನ್ನೆರಡು ವರ್ಷ ನಡೆಸಿದರು. ದೇಶ ಸ್ವತಂತ್ರವಾದುದನ್ನು ಕಣ್ಣಾರೆ ಕಂಡು, 1948ರ ಅಕ್ಟೋಬರಿನಲ್ಲಿ ತಮ್ಮ 75ನೇ ವಯಸ್ಸಿನಲ್ಲಿ ನಿಧನರಾದರು.