ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು

ಶ್ರೀ ರೇಣುಕಾಂಬಾ ದೇವಿಯ ಸನ್ನಿಧಿಗೆ ಬರುವ ಭಕ್ತಾದಿಗಳಿಗೆ ಹಾಡು ಹೊಸದೇನಲ್ಲ. ರೇಣುಕಾ ಯಲ್ಲಮ್ಮನ ಕ್ಷೇತ್ರ ಅಂದ ಮೇಲೆ ಜೋಗತಿಯರ ಚೌಡಿಕೆ ಪದ ಇದ್ದೇ ಇರುತ್ತದೆ. ಆ ಪದಗಳು ಪುಸ್ತಕ ನೋಡಿ ಕಲಿತವಲ್ಲ. ಹಿರಿಯಳೊಬ್ಬಳು ಹಾಡುತ್ತಾಳೆ, ಕಿರಿಯಳು ಪಕ್ಕದಲ್ಲಿ ಕೂತು ಬಾಯಿಗೆ ಬಾಯಿ ಸೇರಿಸುತ್ತಾಳೆ. ಹಾಗೆ ಸೇರಿಸುತ್ತಾ ಸೇರಿಸುತ್ತಾ ಒಂದು ದಿನ ತಾನೇ ಒಂದು ನುಡಿ ಕಟ್ಟುತ್ತಾಳೆ. ದೊಡ್ಡ ಕಚೇರಿಗಳಲ್ಲಿ ಕೇಳುವ ಶಾಸ್ತ್ರೀಯ ಕೀರ್ತನೆಗಳೂ ಹುಟ್ಟಿದ್ದು ಹೀಗೇ ಅಂದರೆ ಕೆಲವರಿಗೆ ನಂಬಿಕೆ ಬರಲಿಕ್ಕಿಲ್ಲ. ಅದಕ್ಕೇ ಮೈಸೂರು ವಾಸುದೇವಾಚಾರ್ಯರ ಚರಿತ್ರೆಯನ್ನು ಇಲ್ಲಿ ಕೊಟ್ಟಿದೆ.

ಆಚಾರ್ಯರು ಹುಟ್ಟಿದ್ದು 1865ನೇ ಇಸವಿ ಮೇ 28ರಂದು, ಮೈಸೂರಿನಲ್ಲಿ. ನಮ್ಮ ಸೊರಬ, ಶಿಕಾರಿಪುರದ ಸೀಮೆಯೂ ಆಗ ಮೈಸೂರು ಸಂಸ್ಥಾನಕ್ಕೇ ಸೇರಿತ್ತು. ಮಾಧ್ವ ಬ್ರಾಹ್ಮಣರ ಮನೆತನ. ತಂದೆ ಸುಬ್ರಹ್ಮಣ್ಯಾಚಾರ್ಯರು ಮಗ ಇನ್ನೂ ಕೂಸಾಗಿದ್ದಾಗಲೇ ತೀರಿಕೊಂಡರು. ತಾಯಿಯ ತಂದೆ ಗೋಪಾಲಾಚಾರ್ಯರೇ ಸಾಕಿ ಬೆಳೆಸಿದರು. ಹುಡುಗ ಮಹಾರಾಜರ ಸಂಸ್ಕೃತ ಪಾಠಶಾಲೆಗೆ ಸೇರಿ ಕಾವ್ಯ, ವ್ಯಾಕರಣ, ಅಲಂಕಾರ ಶಾಸ್ತ್ರಗಳನ್ನು ಓದಿದ. ಅದೇ ದಾರಿಯಲ್ಲಿ ನಡೆದಿದ್ದರೆ ಒಬ್ಬ ಒಳ್ಳೆಯ ಪಂಡಿತರಾಗಿ ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲದೆ ಇರಬಹುದಿತ್ತು. ಆದರೆ ಮನಸ್ಸು ಎಳೆದದ್ದು ಸಂಗೀತದ ಕಡೆಗೆ. ಆಸ್ಥಾನದ ವೈಣಿಕರಾಗಿದ್ದ ವೀಣೆ ಪದ್ಮನಾಭಯ್ಯನವರೇ ಮೊದಲ ಗುರುಗಳು.

ಆಗ ಆಳುತ್ತಿದ್ದವರು ಚಾಮರಾಜೇಂದ್ರ ಒಡೆಯರು. ಸಂಗೀತ ಅಂದರೆ ಪ್ರಾಣ ಬಿಡುವ ಪ್ರಭುಗಳು. ಈ ಯುವಕನ ಕಂಠ ಕೇಳಿ, ಇವನಿಗೆ ಇನ್ನೂ ದೊಡ್ಡ ಗುರು ಬೇಕು ಎಂದು ತಿಳಿದು, ಅರಮನೆಯಿಂದ ವೇತನ ಗೊತ್ತುಮಾಡಿ ತಂಜಾವೂರು ಸೀಮೆಯ ತಿರುವಯ್ಯಾರಿಗೆ ಕಳಿಸಿದರು. ಅಲ್ಲಿದ್ದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್. ಊರು ದೂರ, ಆಡುವ ಭಾಷೆ ತಮಿಳು, ಹಾಡುವ ಕೀರ್ತನೆ ತೆಲುಗಿನದು. ಗುರುತಿನದೆಂದರೆ ಕಾವೇರಿ ಒಂದೇ. ಮೈಸೂರು ಸೀಮೆಯನ್ನು ದಾಟಿದ ಹೊಳೆಯೇ ತಿರುವಯ್ಯಾರಿನ ಮೆಟ್ಟಿಲನ್ನೂ ತೊಳೆಯುತ್ತದಲ್ಲ.

ಈ ಗುರುಗಳು ಎಂಥವರು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತಿರುವಯ್ಯಾರು ಸಂತ ತ್ಯಾಗರಾಜರು ಬಾಳಿ 1847ರಲ್ಲಿ ದೇಹ ಬಿಟ್ಟ ಪುಣ್ಯಸ್ಥಳ. ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು, ಅವರಿಗೆ ಬಂಧುಗಳೂ ಹೌದು. ವೆಂಕಟಸುಬ್ಬಯ್ಯನವರ ಶಿಷ್ಯರೇ ಸುಬ್ರಹ್ಮಣ್ಯ ಅಯ್ಯರ್. ಕೆಲವು ವರ್ಷ ಮದರಾಸು ಪಟ್ಟಣದಲ್ಲಿ ವಾಸವಾಗಿದ್ದರಿಂದ ಪಟ್ಣಂ ಅಂತ ಹೆಸರು ಬಿತ್ತು. ಬೇಗಡೆ ರಾಗವನ್ನು ಅವರ ಹಾಗೆ ಹಾಡುವವರಿಲ್ಲ ಎಂದು ಬೇಗಡೆ ಸುಬ್ರಹ್ಮಣ್ಯ ಅಯ್ಯರ್ ಎಂದೂ ಕರೆಯುತ್ತಿದ್ದರು. ಕದನಕುತೂಹಲ ಎಂಬ ರಾಗಕ್ಕೆ ರೂಪ ಕೊಟ್ಟವರೂ ಅವರೇ. ಬರೀ ಗಾಯಕರಲ್ಲ, ವಾಗ್ಗೇಯಕಾರರು. ಅಂದರೆ ಮಾತನ್ನೂ ಧಾಟಿಯನ್ನೂ ಎರಡನ್ನೂ ತಾವೇ ಕಟ್ಟುವವರು. ತ್ಯಾಗರಾಜರಿಂದ ಎಣಿಸಿದರೆ ನಮ್ಮ ಮೈಸೂರಿನ ಹುಡುಗ ನಾಲ್ಕನೆಯವನು.

ಆ ಕಾಲದ ಗುರುಕುಲ ಹೇಗಿತ್ತು ಅನ್ನೋದು ಈಗಿನವರಿಗೆ ಹೇಳಿದರೂ ಅರ್ಥವಾಗುವುದು ಕಷ್ಟ. ಗಂಟೆಗೆ ಇಷ್ಟು ಅಂತ ಪಾಠವಿಲ್ಲ, ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಶಿಷ್ಯ ಗುರುವಿನ ಮನೆಯವನೇ ಆಗಿಬಿಡಬೇಕು. ನೀರು ತರುವುದು, ಬಟ್ಟೆ ಒಗೆಯುವುದು, ಕಾಲು ಒತ್ತುವುದು, ಎಲ್ಲಾ ಅವನದೇ. ಗುರುವಿಗೆ ಮನಸ್ಸು ಬಂದಾಗ ಪಾಠ. ಅದು ಬೆಳಗಿನ ಜಾವವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಗುರು ಒಂದು ಸಾಲು ಹಾಡಿದರೆ ಶಿಷ್ಯ ತಿರುಗಿ ಹಾಡಬೇಕು. ಸರಿಬಂದರೆ ಮುಂದಿನದು. ಇಲ್ಲದಿದ್ದರೆ ಅದೇ ಸಾಲು.

ಕೀರ್ತನೆ ಕಟ್ಟುವುದು ಹೇಗೆ ಅಂತ ಬೇರೆ ಪಾಠ ಯಾವ ಗುರುವೂ ಮಾಡುತ್ತಿರಲಿಲ್ಲ. ಹಾಗಾದರೆ ಕಲಿತದ್ದು ಹೇಗೆ ಅಂತೀರಾ? ಗುರು ಪಲ್ಲವಿಯ ಒಂದೇ ಸಾಲನ್ನು ಮೊದಲು ಸಾದಾ ಹಾಡುತ್ತಾರೆ. ಆಮೇಲೆ ಅದಕ್ಕೇ ಒಂದು ಸಣ್ಣ ತಿರುವು ಕೊಡುತ್ತಾರೆ, ಆಮೇಲೆ ಇನ್ನೊಂದು. ಇದಕ್ಕೆ ಸಂಗತಿ ಅಂತಾರೆ. ಸಾಲು ಎಲ್ಲಿ ಬಗ್ಗುತ್ತದೆ, ಎಷ್ಟು ಬಗ್ಗಿದರೆ ರಾಗ ಕೆಡುತ್ತದೆ ಎಂಬುದು ನೂರು ಸಲ ಹಾಡಿದವನ ನಾಲಿಗೆಗೆ ತಾನಾಗಿ ತಿಳಿಯುತ್ತದೆ. ತಾಳದ ಎಡೆಗೆ ಯಾವ ಅಕ್ಷರ ಕೂರಬೇಕು, ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ, ಎರಡನೇ ಅಕ್ಷರದ ಪ್ರಾಸ ಸಾಲಿಂದ ಸಾಲಿಗೆ ಹೇಗೆ ಹೊಂದುತ್ತದೆ, ಅನುಪಲ್ಲವಿ ಮೇಲಕ್ಕೆ ಹೇಗೆ ಏರುತ್ತದೆ, ಚರಣದಲ್ಲಿ ಅಂಕಿತ ಎಲ್ಲಿ ಬರುತ್ತದೆ, ಇವೆಲ್ಲ ಹಾಗೇ ಒಳಗಿಳಿಯುತ್ತವೆ. ಪಾಠಶಾಲೆಯಲ್ಲಿ ಓದಿದ ಸಂಸ್ಕೃತ ಆಚಾರ್ಯರಿಗೆ ಇಲ್ಲಿ ಕೈಗೆ ಬಂತು. ಮಾತಿಗೆ ಬಡತನ ಇರಲಿಲ್ಲ. ಬೇಕಾಗಿದ್ದದ್ದು ಮಾತನ್ನು ರಾಗದಲ್ಲಿ ಕೂರಿಸುವ ಹದ, ಅದು ಗುರುವಿನೆದುರು ಕೂತೇ ಬರಬೇಕಾದದ್ದು.

ಅಂಕಿತದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡೋಣ. ಸುಬ್ರಹ್ಮಣ್ಯ ಅಯ್ಯರ್ ಅವರದು ವೆಂಕಟೇಶ. ಅವರ ಇನ್ನೊಬ್ಬ ಶಿಷ್ಯರು, ಪೂಚಿ ಅಂತ ಪ್ರಸಿದ್ಧರಾದ ರಾಮನಾಡು ಶ್ರೀನಿವಾಸ ಅಯ್ಯಂಗಾರರದು ಶ್ರೀನಿವಾಸ. ನಮ್ಮ ಆಚಾರ್ಯರದು ವಾಸುದೇವ. ದೇವರ ಹೆಸರೂ ಆಯಿತು, ತಮ್ಮ ಹೆಸರೂ ಆಯಿತು. ಒಬ್ಬನೇ ಗುರುವಿನ ಹತ್ತಿರ ಕಲಿತರೂ ಒಬ್ಬರ ಕೃತಿ ಇನ್ನೊಬ್ಬರದರ ನಕಲಾಗಲಿಲ್ಲ. ಗುರುವಿನ ಹೆಚ್ಚುಗಾರಿಕೆ ಇದರಲ್ಲೇ ಕಾಣುತ್ತದೆ ಅಂತ ನಮ್ಮ ಭಾವನೆ.

ವಿದ್ಯೆ ಮುಗಿಸಿ ಮೈಸೂರಿಗೆ ಹಿಂತಿರುಗಿದ ಆಚಾರ್ಯರು ಆಸ್ಥಾನ ವಿದ್ವಾಂಸರಾದರು. ಕಳಿಸಿಕೊಟ್ಟ ಚಾಮರಾಜೇಂದ್ರ ಒಡೆಯರು 1894ರಲ್ಲೇ ಕಾಲವಾದರು, ಇನ್ನೂ 31 ವರ್ಷ. ತಾವು ನೆಟ್ಟ ಗಿಡದ ಪೂರ್ತಿ ಫಲ ಅವರು ನೋಡಲಿಲ್ಲ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಚಾರ್ಯರ ಕೃತಿಗಳು ಒಂದರ ಹಿಂದೆ ಒಂದು ಬಂದವು, ಒಟ್ಟು ಸುಮಾರು 200. ಹೆಚ್ಚಿನವು ಶ್ರೀರಾಮನ ಮೇಲಿನವು. ಹಿಂದೋಳ ರಾಗದಲ್ಲಿ ಸರಸ್ವತಿ ತಾಯಿಯ ಮೇಲೊಂದು ಇದೆ. ಖಮಾಚ್ ರಾಗದ ಬ್ರೋಚೇವಾರೆವರುರಾ ಕೃತಿಯನ್ನು ಕೇಳದವರು ಕಡಿಮೆ. 1980ರಲ್ಲಿ ಬಂದ ಶಂಕರಾಭರಣಂ ತೆಲುಗು ಚಿತ್ರದಲ್ಲಿ ಅದನ್ನು ಹಾಡಿಸಿದ ಮೇಲಂತೂ ಸಂಗೀತದ ಗಂಧವಿಲ್ಲದವರೂ ಗುನುಗುವ ಹಾಗಾಯಿತು. ಅದು ನಮ್ಮ ಮೈಸೂರಿನವರದು ಅಂತ ಎಷ್ಟೋ ಜನಕ್ಕೆ ಈಗಲೂ ಗೊತ್ತಿಲ್ಲ!

ಬಹುಪಾಲು ಕೃತಿಗಳು ತೆಲುಗು, ಸಂಸ್ಕೃತದಲ್ಲಿವೆ. ಕನ್ನಡದಲ್ಲಿ ಯಾಕೆ ಹೆಚ್ಚು ಕಟ್ಟಲಿಲ್ಲ ಅನ್ನೋ ಕೊರಗು ಕೆಲವರಿಗುಂಟು, ಅದು ತಪ್ಪಲ್ಲ. ಆದರೆ ಗುರುವಿನ ಬಾಯಿಂದ ಯಾವ ಭಾಷೆಯಲ್ಲಿ ಹಾಡು ಕಿವಿಗೆ ಬಿತ್ತೋ ಆ ಭಾಷೆಯಲ್ಲೇ ಹೊರಗೆ ಬಂತು. ಗದ್ಯ ಬರೆಯುವಾಗ ಕನ್ನಡವನ್ನೇ ಹಿಡಿದರು. ನಾ ಕಂಡ ಕಲಾವಿದರು ಎಂಬ ಅವರ ಪುಸ್ತಕದಲ್ಲಿ ಆ ಕಾಲದ ಸಂಗೀತಗಾರರೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

1935ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಸಂಗೀತದ ಮರ್ಮ ತಿಳಿಸಿಕೊಟ್ಟವರು ಆಚಾರ್ಯರೇ. ಅಜ್ಜ ಮಹಾರಾಜರು ಹಾಕಿದ ಬಂಡವಾಳ ಮೊಮ್ಮಗ ಮಹಾರಾಜರಿಗೆ ಹೀಗೆ ಸಂದಾಯವಾಯಿತು. ದೊರೆಗಳು ಶ್ರೀವಿದ್ಯಾ ಉಪಾಸಕರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿ ರಚಿಸಿದರು, ಅದರಲ್ಲಿ ಹೆಚ್ಚಿನವು ಜಗನ್ಮಾತೆಯ ಸ್ತುತಿ. ದೇವಿಯ ಭಕ್ತರು ಇದನ್ನು ಅವಶ್ಯ ನೆನೆಯಬೇಕು.

ಎಂಬತ್ತು ದಾಟಿದ ಮೇಲೆ ಯಾರಾದರೂ ಊರು ಬಿಟ್ಟು ಹೊಸ ಕೆಲಸಕ್ಕೆ ಹೋಗ್ತಾರೆಯೇ? ಆಚಾರ್ಯರು ಹೋದರು. ರುಕ್ಮಿಣೀ ದೇವಿ ಅರುಂಡೇಲ್ ಅವರು ಕರೆದದ್ದಕ್ಕೆ ಮದರಾಸಿನ ಕಲಾಕ್ಷೇತ್ರ ಸೇರಿ, ಅಲ್ಲಿ ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಲು ಶುರುಮಾಡಿದರು. ಮೊದಲನೆಯದು ಸೀತಾ ಸ್ವಯಂವರ, 1955ರಲ್ಲಿ. ಸ್ವಯಂವರ ಮುಗಿಸಿ ಬರುವ ದಾರಿಯಲ್ಲಿ ಶ್ರೀರಾಮನಿಗೆ ಎದುರಾದವನು ನಮ್ಮ ರೇಣುಕಮ್ಮನ ಮಗ ಪರಶುರಾಮನೇ ಎಂಬುದು ಬಾಲಕಾಂಡ ಕೇಳಿದವರಿಗೆ ತಿಳಿದದ್ದೇ.

1959ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ರಾಮಾಯಣದ ಕೆಲಸ ಇನ್ನೂ ಬಾಕಿ ಇರುವಾಗಲೇ, 1961ರ ಮೇ 17ರಂದು ಆಚಾರ್ಯರು ದೈವಾಧೀನರಾದರು. 96 ತುಂಬುವುದಕ್ಕೆ ಹನ್ನೊಂದು ದಿನ ಉಳಿದಿತ್ತು. ಅಜ್ಜನ ಹತ್ತಿರವೇ ಕಲಿತಿದ್ದ ಮೊಮ್ಮಗ ಎಸ್. ರಾಜಾರಾಂ ಅವರು ಉಳಿದ ಭಾಗಗಳಿಗೆ ಸಂಗೀತ ಕೂಡಿಸಿ ರಾಮಾಯಣವನ್ನು ಪೂರ್ತಿ ಮಾಡಿದರು.