ಹಣ್ಣಿನ ಕಾಲಕ್ಕೆ ತೋಟದ ಗೋಡೆ ಒಡೆಯುತ್ತಿದ್ದ ಹಝ್ರತ್ ಉರ್ವಾ

ಶುಕ್ರವಾರ ಬಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಸೂರಃ ಅಲ್ ಕಹ್ಫ್ ಓದುವ ರೂಢಿ ಇದೆ. ಅದರಲ್ಲಿ ಎರಡು ದ್ರಾಕ್ಷಿ ತೋಟಗಳ ಒಡೆಯನೊಬ್ಬನ ಕಥೆ ಬರುತ್ತದೆ. ತೋಟದ ಸುತ್ತ ಖರ್ಜೂರದ ಮರಗಳು, ನಡುವೆ ಬೆಳೆ, ಹರಿಯುವ ನೀರು. ಯಾವುದಕ್ಕೂ ಕೊರತೆಯಿಲ್ಲ. ಆ ಮನುಷ್ಯ ತನ್ನ ಸಂಪತ್ತನ್ನೂ ಜನಬಲವನ್ನೂ ಗೆಳೆಯನ ಮುಂದೆ ಹೇಳಿಕೊಂಡು ಬೀಗಿದ. ಈ ತೋಟ ಎಂದಿಗೂ ಹಾಳಾಗದು ಎಂದು ನಂಬಿದ. ತೋಟದೊಳಗೆ ಕಾಲಿಡುವಾಗ ಇದೆಲ್ಲ ಅಲ್ಲಾಹನ ಇಚ್ಛೆಯಿಂದ, ಅವನ ಶಕ್ತಿಯಿಂದ ಆದದ್ದು ಎಂದು ನೀನು ಒಪ್ಪಿಕೊಳ್ಳಬೇಕಿತ್ತು ಎಂದು ಗೆಳೆಯ ತಿಳಿಹೇಳಿದರೂ ಕೇಳಲಿಲ್ಲ. ಕೊನೆಗೆ ಚಪ್ಪರ ಸಮೇತ ನೆಲಕ್ಕುರುಳಿದ ತೋಟದ ಎದುರು ಕೈ ಹಿಸುಕಿಕೊಂಡು ನಿಲ್ಲಬೇಕಾಯಿತು.

ಈ ಕಥೆ ನಮಗೆಲ್ಲ ಗೊತ್ತು. ಆದರೆ ಓದಿ ಮುಗಿಸಿ ಮುಸ್‌ಹಫ್ ಮಡಚಿಡದೆ, ಅದನ್ನು ತಮ್ಮ ಸ್ವಂತ ತೋಟದ ಬಾಗಿಲಿಗೆ ಒಯ್ದವರು ಒಬ್ಬರಿದ್ದರು. ಅವರೇ ತಾಬಿಈಗಳಲ್ಲಿ ಪ್ರಮುಖರಾದ, ಮದೀನಾದ ಏಳು ಮಂದಿ ಫುಕಹಾಗಳಲ್ಲಿ ಒಬ್ಬರಾದ ಹಝ್ರತ್ ಉರ್ವಾ ಬಿನ್ ಝುಬೈರ್.

ಖರ್ಜೂರದ ಬೀಜ ಹೊತ್ತ ತಾಯಿ

ಉರ್ವಾ ಹುಟ್ಟಿದ್ದು ಹಿಜರಿ 23ರ ಸುಮಾರಿಗೆ, ಮದೀನಾದಲ್ಲಿ. ಅವರ ಮನೆತನದಂಥ ಮನೆತನ ಸಿಗುವುದು ಅಪರೂಪ. ತಂದೆ ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ಝುಬೈರ್ ಬಿನ್ ಅವ್ವಾಮ್(ರ). ತಾಯಿ ಅಬೂಬಕರ್ ಸಿದ್ದೀಕ್(ರ) ಅವರ ಮಗಳು ಅಸ್ಮಾ(ರ). ತಂದೆಯ ತಾಯಿ ಸಫಿಯ್ಯಾ(ರ), ಪ್ರವಾದಿ ಮುಹಮ್ಮದ್(ಸ) ಅವರ ಸೋದರತ್ತೆ. ಉಮ್ಮುಲ್ ಮೂಮಿನೀನ್ ಆಯಿಶಾ(ರ) ತಾಯಿಯ ತಂಗಿ, ಅಂದರೆ ಸ್ವಂತ ಚಿಕ್ಕಮ್ಮ.

ಇಷ್ಟು ದೊಡ್ಡ ಮನೆತನವಾದರೂ ಮನೆಯಲ್ಲಿ ಕಷ್ಟದ ದಿನಗಳ ನೆನಪು ಅಳಿದಿರಲಿಲ್ಲ. ಅಸ್ಮಾ ಮದುವೆಯಾಗಿ ಬಂದಾಗ ಝುಬೈರ್ ಅವರ ಬಳಿ ಇದ್ದದ್ದು ಒಂದು ಕುದುರೆ, ನೀರು ಹೊರುವ ಒಂದು ಒಂಟೆ, ಅಷ್ಟೇ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ಹಿಟ್ಟು ನಾದುವುದು ಎಲ್ಲ ಅಸ್ಮಾ ಅವರದೇ ಕೆಲಸ. ರೊಟ್ಟಿ ಸುಡಲು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ, ನೆರೆಯ ಅನ್ಸಾರ್ ಹೆಂಗಸರು ಸುಟ್ಟುಕೊಡುತ್ತಿದ್ದರು. ಊರಿಂದ ಸುಮಾರು ಮೂರು ಕಿಲೋಮೀಟರ್ ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಅವನ್ನು ಕುಟ್ಟಿ ಮೇವಾಗಿ ಕೊಡಬೇಕಿತ್ತು. ತಂದೆ ಅಬೂಬಕರ್ ಒಬ್ಬ ಸೇವಕರನ್ನು ಕಳುಹಿಸಿಕೊಟ್ಟ ಮೇಲೆಯೇ ಅವರಿಗೆ ಕುದುರೆಯ ಆರೈಕೆಯಿಂದ ಬಿಡುಗಡೆ ಸಿಕ್ಕಿತು.

ಈ ಸಂಗತಿ ಇಂದು ನಮಗೆ ಗೊತ್ತಿರುವುದು ಮಗ ಉರ್ವಾ ಅದನ್ನು ತಾಯಿಯಿಂದ ಕೇಳಿ ಮುಂದಿನವರಿಗೆ ದಾಟಿಸಿದ್ದರಿಂದ. ಮುಂದೆ ಝುಬೈರ್ ಅವರ ಕೈಗೆ ಅಲ್ಲಾಹನು ಬೇಕಾದಷ್ಟು ಭೂಮಿ, ಆಸ್ತಿ ಕೊಟ್ಟನು. ಶ್ರೀಮಂತಿಕೆ ಬಂದ ಮೇಲೆ ಬಡತನದ ಕಥೆಯನ್ನು ಮುಚ್ಚಿಡುವವರೇ ಹೆಚ್ಚು. ಉರ್ವಾ ಹಾಗೆ ಮಾಡಲಿಲ್ಲ.

ಚಿಕ್ಕಮ್ಮ ಆಯಿಶಾ ಅವರಿಂದಲೂ ಇಂಥದ್ದೇ ಒಂದು ಮಾತು ಕೇಳಿದ್ದರು. ಎರಡು ತಿಂಗಳಲ್ಲಿ ಮೂರು ಹೊಸ ಚಂದ್ರ ಕಂಡರೂ ಪ್ರವಾದಿಯವರ(ಸ) ಮನೆಗಳಲ್ಲಿ ಒಲೆ ಉರಿಯದ ದಿನಗಳಿದ್ದವಂತೆ. ಹಾಗಾದರೆ ಜೀವ ಹಿಡಿದುಕೊಂಡದ್ದು ಹೇಗೆ ಎಂದು ಉರ್ವಾ ಕೇಳಿದಾಗ, ಖರ್ಜೂರ ಮತ್ತು ನೀರಿನಿಂದ ಎಂದು ಉತ್ತರ ಬಂತು. ಅದರ ಜೊತೆಗೆ ಹಾಲು ಕರೆಯುವ ಪ್ರಾಣಿಗಳಿದ್ದ ನೆರೆಯ ಅನ್ಸಾರ್ ಕುಟುಂಬಗಳು ಹಾಲು ಕಳುಹಿಸಿಕೊಡುತ್ತಿದ್ದವು ಎಂದೂ ಆಯಿಶಾ ನೆನಪಿಸಿಕೊಂಡರು. ಅದೇ ಚಿಕ್ಕಮ್ಮ ಮುಂದೆ ಎಪ್ಪತ್ತು ಸಾವಿರ ದಿರ್‌ಹಮ್‌ಗಳನ್ನು ಹಂಚುತ್ತಾ ಕುಳಿತಿದ್ದಾಗ ಅವರು ತೊಟ್ಟ ಬಟ್ಟೆಗೆ ತೇಪೆ ಇದ್ದದ್ದನ್ನು ಉರ್ವಾ ಕಣ್ಣಾರೆ ಕಂಡಿದ್ದರು.

ಬಯಸಿದ್ದು ಜ್ಞಾನ

ಯೌವನದಲ್ಲಿ ಉರ್ವಾ, ಅವರ ಸಹೋದರರಾದ ಅಬ್ದುಲ್ಲಾ ಮತ್ತು ಮುಸ್‌ಅಬ್ ಮೊದಲಾದವರು ಕಅಬಾದ ಬಳಿ ಕುಳಿತು ತಮ್ಮ ತಮ್ಮ ಆಸೆಗಳನ್ನು ಹೇಳಿಕೊಂಡ ಪ್ರಸಂಗ ಚರಿತ್ರೆಯ ಗ್ರಂಥಗಳಲ್ಲಿದೆ. ಒಬ್ಬರಿಗೆ ಖಿಲಾಫತ್ ಬೇಕು, ಇನ್ನೊಬ್ಬರಿಗೆ ಇರಾಕ್‌ನ ಅಧಿಕಾರ ಬೇಕು. ಉರ್ವಾ ಬಯಸಿದ್ದು ಜನ ತನ್ನಿಂದ ದೀನಿನ ಜ್ಞಾನ ಪಡೆಯಲಿ ಎಂಬುದನ್ನು ಮಾತ್ರ.

ಅದು ಕೈಗೂಡಿತು. ಆಯಿಶಾ(ರ) ಹಿಜರಿ 58ರಲ್ಲಿ ತೀರಿಕೊಳ್ಳುವ ಮೊದಲೇ ಅವರ ಬಳಿಯಿದ್ದ ಹದೀಸ್‌ಗಳನ್ನೆಲ್ಲ ಉರ್ವಾ ಕಲಿತಾಗಿತ್ತು. ಪ್ರವಾದಿಯವರ ಜೀವನ ಚರಿತ್ರೆಯನ್ನು ಬರಹದಲ್ಲಿ ದಾಖಲಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಇಮಾಮ್ ಝುಹ್ರಿಯಂಥ ಮಹಾನ್ ವಿದ್ವಾಂಸರು, ಸ್ವಂತ ಮಗ ಹಿಶಾಮ್ ಅವರ ಶಿಷ್ಯರು. ಬುಖಾರಿ, ಮುಸ್ಲಿಮ್ ತೆರೆದರೆ ಹಿಶಾಮ್ ತಮ್ಮ ತಂದೆಯಿಂದ, ತಂದೆ ಆಯಿಶಾ ಅವರಿಂದ ಎಂಬ ಸನದ್ ಮತ್ತೆ ಮತ್ತೆ ಕಾಣುತ್ತದೆ. ಮದ್ರಸದಲ್ಲಿ ನಾವು ಕಲಿತ ಎಷ್ಟೋ ವಿಷಯ ಈ ಮನುಷ್ಯರ ಬಾಯಿಂದ ದಾಟಿ ಬಂದದ್ದು.

ಹಾಗಂತ ಅವರ ಬದುಕು ಸುಗಮವಾಗಿತ್ತು ಎಂದುಕೊಳ್ಳಬೇಡಿ. ಹಿಜರಿ 36ರಲ್ಲಿ, ಅವರು ಇನ್ನೂ ಹುಡುಗನಾಗಿದ್ದಾಗ ತಂದೆ ಕೊಲೆಯಾದರು. ಹಿಜರಿ 63ರಲ್ಲಿ ಸಿರಿಯಾದ ಸೇನೆ ಮದೀನಾದ ಮೇಲೆ ಬಿದ್ದ ಹರ್ರಾ ಘಟನೆಯ ದಿನ ತಮ್ಮ ಬರಹಗಳನ್ನು ಸುಟ್ಟುಹಾಕಿದರು, ಅದಕ್ಕಾಗಿ ಬದುಕಿಡೀ ಕೊರಗಿದರು. ಸಹೋದರ ಮುಸ್‌ಅಬ್ ಇರಾಕ್‌ನಲ್ಲಿ ಕೊಲ್ಲಲ್ಪಟ್ಟರು. ಹಿಜರಿ 73ರಲ್ಲಿ ಹಜ್ಜಾಜ್‌ನ ಸೇನೆ ಮಕ್ಕಾದಲ್ಲಿ ಹಿರಿಯಣ್ಣ ಅಬ್ದುಲ್ಲಾ ಅವರನ್ನು ಕೊಂದು ಶವವನ್ನು ತೂಗುಹಾಕಿತು. ಕೆಲವೇ ದಿನಗಳಲ್ಲಿ ಇಳಿವಯಸ್ಸಿನ ತಾಯಿ ಅಸ್ಮಾ ಕೂಡ ಕಣ್ಣುಮುಚ್ಚಿದರು.

ಉರ್ವಾ ಹಗೆ ಸಾಧಿಸಲು ಹೊರಡಲಿಲ್ಲ. ಅಣ್ಣನ ವಿರುದ್ಧ ಸೇನೆ ಕಳುಹಿಸಿದ್ದ ಖಲೀಫ ಅಬ್ದುಲ್ ಮಲಿಕ್ ಪ್ರವಾದಿ ಚರಿತ್ರೆಯ ಬಗ್ಗೆ ಪ್ರಶ್ನೆ ಕೇಳಿ ಬರೆದಾಗ ಅವರಿಗೂ ತಿಳಿದದ್ದನ್ನು ಬರೆದು ತಿಳಿಸಿದರು. ಜ್ಞಾನ ಅಲ್ಲಾಹನು ಕೊಟ್ಟ ನಿಅ್‌ಮತ್. ಅದನ್ನು ಇವರಿಗೆ ಕೊಡುವೆ, ಅವರಿಗೆ ಕೊಡಲಾರೆ ಎನ್ನುವ ಹಕ್ಕು ತನಗಿಲ್ಲ ಎಂಬಂತೆ ನಡೆದುಕೊಂಡರು.

ಗೋಡೆ ಒಡೆದ ತೋಟ

ಮದೀನಾದ ಹೊರವಲಯದ ಅಕೀಕ್ ಕಣಿವೆಯಲ್ಲಿ ಉರ್ವಾ ಒಂದು ದೊಡ್ಡ ಮನೆ ಕಟ್ಟಿಸಿದರು, ಬಾವಿ ತೋಡಿಸಿದರು. ಆ ಬಾವಿಯ ನೀರು ಸಿಹಿಯಾದದ್ದೆಂದು ಹೆಸರಾಯಿತು. ಅವರ ಹೆಸರಿನಲ್ಲೇ ಕರೆಯಲಾಗುವ ಆ ಮನೆಯ ಕಲ್ಲುಗೋಡೆಗಳ ಅವಶೇಷ ಇಂದಿಗೂ ಮದೀನಾದಲ್ಲಿದೆ.

ಅವರಿಗೆ ಖರ್ಜೂರದ ತೋಟವೂ ಇತ್ತು. ತೋಟಕ್ಕೆ ಪಾಗಾರವಿತ್ತು. ವರ್ಷವಿಡೀ ಆ ಪಾಗಾರ ತೋಟವನ್ನು ಕಾಯುತ್ತಿತ್ತು. ಹಣ್ಣಾಗುವ ಕಾಲ ಬಂತೆಂದರೆ ಉರ್ವಾ ಆ ಗೋಡೆಯ ಒಂದು ಭಾಗವನ್ನು ಒಡೆಸಿಬಿಡುತ್ತಿದ್ದರು. ಬೇಕಾದವರು ಒಳಗೆ ಬರಬಹುದು, ಹೊಟ್ಟೆ ತುಂಬ ತಿನ್ನಬಹುದು, ಮನೆಗೂ ಒಯ್ಯಬಹುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಾಗಿಲು ತೆರೆದಿಟ್ಟರೆ ಸಾಕಿತ್ತಲ್ವಾ? ಆದರೆ ಬಾಗಿಲಿನಿಂದ ಒಳಬರುವವನು ಅನುಮತಿ ಕೇಳಬೇಕು. ಕೇಳಲು ನಾಚಿಕೆಪಡುವವನು ಹೊರಗೇ ಉಳಿಯುತ್ತಾನೆ. ಒಡೆದ ಗೋಡೆಯ ಹತ್ತಿರ ಯಾರೂ ಕೈಯೊಡ್ಡಿ ನಿಲ್ಲಬೇಕಾಗಿಲ್ಲ. ಕೊಟ್ಟವನ ಮುಖ ನೋಡಿ ತಲೆ ತಗ್ಗಿಸಬೇಕಾಗಿಯೂ ಇಲ್ಲ.

ತಾವೇ ತೋಟದೊಳಗೆ ಹೋಗುವಾಗ ಉರ್ವಾ ಸೂರಃ ಅಲ್ ಕಹ್ಫ್‌ನ ಆ ವಚನವನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಎರಡು ತೋಟಗಳ ಒಡೆಯ ಹೇಳಲು ಮರೆತ ಮಾತು ಅದು. ಮಾಶಾ ಅಲ್ಲಾಹ್ ಎಂಬ ಪದವನ್ನು ನಾವು ಇಂದು ಹೊಸ ಮನೆಯ ಗೋಡೆಗೆ, ವಾಹನದ ಗಾಜಿಗೆ ಅಂಟಿಸುತ್ತೇವೆ. ಉರ್ವಾ ಆ ಮಾತನ್ನು ಬಾಯಲ್ಲಿ ಹೇಳಿದರು, ಅದಕ್ಕೆ ತಕ್ಕಂತೆ ಗೋಡೆಯನ್ನೂ ಒಡೆದರು.

ಅವರ ಇಬಾದತ್ ಕೂಡ ಹೀಗೇ. ಪ್ರತಿದಿನ ಕುರ್‌ಆನ್‌ನ ಕಾಲು ಭಾಗವನ್ನು ನೋಡಿ ಓದುತ್ತಿದ್ದರು, ರಾತ್ರಿ ಅಷ್ಟನ್ನೇ ನಮಾಝ್‌ನಲ್ಲಿ ಓದುತ್ತಿದ್ದರು. ಅವಸರವಸರವಾಗಿ ನಮಾಝ್ ಮುಗಿಸಿದ ಒಬ್ಬನನ್ನು ಕರೆದು, ಅಲ್ಲಾಹನಲ್ಲಿ ಕೇಳಲು ನಿನಗೇನೂ ಇಲ್ಲವೇ ಎಂದು ವಿಚಾರಿಸಿದರಂತೆ. ತಾನಾದರೋ ಅಡುಗೆಯ ಉಪ್ಪನ್ನೂ ನಮಾಝ್‌ನಲ್ಲಿ ಬೇಡಿಕೊಳ್ಳುತ್ತೇನೆ ಎಂದರಂತೆ. ಉಪ್ಪನ್ನೂ ಕೇಳಿ ಪಡೆದವನಿಗೆ ತೋಟ ತನ್ನದೆನ್ನುವ ಗರ್ವ ಎಲ್ಲಿಂದ ಬರಬೇಕು?

ಒಂದು ಕಾಲು, ಒಬ್ಬ ಮಗ

ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ ಅವರ ಕಾಲದಲ್ಲಿ ಉರ್ವಾ ಡಮಾಸ್ಕಸ್‌ಗೆ ಹೊರಟರು. ಜೊತೆಗೆ ಮಗ ಮುಹಮ್ಮದ್ ಇದ್ದರು. ದಾರಿಯಲ್ಲಿ ವಾದಿಲ್ ಕುರಾ ಎಂಬಲ್ಲಿ ಪಾದದಲ್ಲಿ ಹುಣ್ಣು ಕಾಣಿಸಿಕೊಂಡಿತು. ಅದು ಮಾಂಸವನ್ನು ತಿನ್ನುತ್ತಾ ಮೇಲಕ್ಕೇರಿತು. ಡಮಾಸ್ಕಸ್ ಮುಟ್ಟುವಾಗ ಸ್ಥಿತಿ ಬಿಗಡಾಯಿಸಿತ್ತು. ಕಾಲು ಕತ್ತರಿಸದಿದ್ದರೆ ಜೀವ ಉಳಿಯದು ಎಂದು ವೈದ್ಯರು ತೀರ್ಮಾನಿಸಿದರು.

ಅರಿವಳಿಕೆ ಇಲ್ಲದ ಕಾಲ. ನೋವು ತಿಳಿಯದಿರಲೆಂದು ಅಮಲಿನ ಪಾನೀಯ ಕೊಡಲು ಮುಂದಾದರು. ಉರ್ವಾ ಒಪ್ಪಲಿಲ್ಲ. ಅಲ್ಲಾಹನು ಹರಾಮ್ ಮಾಡಿದ್ದನ್ನು ಕುಡಿದು ಆರಾಮ ಬಯಸುವುದು ಅವರಿಗೆ ಬೇಡವಾಗಿತ್ತು. ಗರಗಸದಿಂದ ಮೂಳೆ ಕೊಯ್ಯುತ್ತಿದ್ದಾಗ ಅವರ ನಾಲಗೆ ದಿಕ್ರ್‌ನಲ್ಲಿತ್ತು. ರಕ್ತ ನಿಲ್ಲಿಸಲು ಕುದಿಯುವ ಎಣ್ಣೆ ಹಾಕಿದಾಗ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಮುಖದ ಬೆವರು ಒರೆಸಿಕೊಂಡು, ಕತ್ತರಿಸಿದ ಪಾದವನ್ನು ಕೈಗೆ ತರಿಸಿಕೊಂಡು ನೋಡಿದರು. ಆ ಪಾದದಲ್ಲಿ ತಾನೆಂದೂ ಹರಾಮಿನ ಕಡೆ ನಡೆದಿಲ್ಲ ಎಂಬುದು ಅವರಿಗಿದ್ದ ಸಮಾಧಾನ. ರಾತ್ರಿಯ ಆ ಕುರ್‌ಆನ್ ಪಾರಾಯಣ ಬದುಕಿನಲ್ಲಿ ತಪ್ಪಿದ್ದು ಆ ಒಂದು ರಾತ್ರಿ ಮಾತ್ರ. ಮರುರಾತ್ರಿ ಮತ್ತೆ ಶುರುವಾಯಿತು.

ಅದೇ ಪ್ರಯಾಣದಲ್ಲಿ ಇನ್ನೊಂದು ಆಘಾತ. ಮಗ ಮುಹಮ್ಮದ್ ಖಲೀಫರ ಲಾಯದಲ್ಲಿ ಪ್ರಾಣಿಗಳ ಕಾಲ್ತುಳಿತಕ್ಕೆ ಸಿಕ್ಕಿ ತೀರಿಕೊಂಡರು.

ಉರ್ವಾ ಆಗ ಅಲ್ಲಾಹನ ಮುಂದೆ ಲೆಕ್ಕ ಹಾಕಿದರು. ಏಳು ಗಂಡುಮಕ್ಕಳಿದ್ದರು, ಒಬ್ಬನನ್ನು ತೆಗೆದುಕೊಂಡೆ, ಆರು ಮಂದಿಯನ್ನು ಉಳಿಸಿದೆ. ಎರಡು ಕೈ, ಎರಡು ಕಾಲು ಇದ್ದವು, ಒಂದನ್ನು ತೆಗೆದುಕೊಂಡೆ, ಮೂರನ್ನು ಉಳಿಸಿದೆ. ತೆಗೆದುಕೊಂಡದ್ದೂ ನೀನು ಕೊಟ್ಟದ್ದೇ ಎಂಬ ಅರ್ಥದಲ್ಲಿ ಹಮ್ದ್ ಹೇಳಿದರು.

ಅದೇ ದಿನಗಳಲ್ಲಿ ಅಬ್ಸ್ ಗೋತ್ರದ ಒಬ್ಬ ಕುರುಡ ಖಲೀಫರ ಬಳಿ ಬಂದಿದ್ದ. ಒಂದು ಕಾಲದಲ್ಲಿ ಅವನಷ್ಟು ಸಿರಿವಂತರು ಅವನ ಗೋತ್ರದಲ್ಲಿ ಇರಲಿಲ್ಲ. ಒಂದು ರಾತ್ರಿಯ ಪ್ರವಾಹ ಅವನ ಕುಟುಂಬವನ್ನೂ ಸೊತ್ತನ್ನೂ ಕೊಚ್ಚಿಕೊಂಡು ಹೋಗಿ ಒಂದು ಕೂಸು, ಒಂದು ಒಂಟೆ ಉಳಿದವು. ಓಡಿದ ಒಂಟೆಯನ್ನು ಹಿಡಿಯಲು ಹೋದಾಗ ಕೂಸನ್ನು ತೋಳ ಹಿಡಿಯಿತು, ಒಂಟೆ ಒದ್ದು ಅವನ ಕಣ್ಣುಗಳು ಹೋದವು. ವಲೀದ್ ಅವನನ್ನು ಉರ್ವಾ ಅವರ ಬಳಿಗೆ ಕಳುಹಿಸಿದರು. ತನಗಿಂತ ಹೆಚ್ಚು ಕಳೆದುಕೊಂಡವನೂ ಲೋಕದಲ್ಲಿದ್ದಾನೆಂದು ಅವರಿಗೆ ತಿಳಿಯಲಿ ಎಂಬುದು ಉದ್ದೇಶ.

ಮರಳುವ ದಾರಿಯಲ್ಲಿ ವಾದಿಲ್ ಕುರಾ ಬಂದಾಗ ಮಾತ್ರ ಅವರ ಬಾಯಿಂದ ದಣಿವಿನ ಒಂದು ಮಾತು ಹೊರಟಿತು. ಅದೂ ಸೂರಃ ಅಲ್ ಕಹ್ಫ್‌ನದ್ದೇ, ಈ ಪ್ರಯಾಣದಲ್ಲಿ ಬಹಳ ದಣಿದೆವು ಎಂದು ಮೂಸಾ(ಅ) ಹೇಳುವ ಮಾತು. ಸಬರ್ ಎಂದರೆ ನೋವೇ ಇಲ್ಲವೆಂದು ನಟಿಸುವುದಲ್ಲ. ಅವರಿಗೆ ನೋವಾಗಿತ್ತು, ಅದನ್ನು ಹೇಳಿಯೂ ಹೇಳಿದರು. ಅಲ್ಲಾಹನ ಮೇಲೆ ದೂರು ಹೇಳಲಿಲ್ಲ, ಅಷ್ಟೇ.

ಮದೀನಾದಲ್ಲಿ ಸಾಂತ್ವನ ಹೇಳಲು ಬಂದ ಹಿತೈಷಿಯೊಬ್ಬರು, ನಿಮ್ಮನ್ನು ಓಟಕ್ಕೋ ಕುಸ್ತಿಗೋ ಕರೆಯುವವರಲ್ಲ ನಾವು, ನಮಗೆ ಬೇಕಾದ ನಿಮ್ಮ ಜ್ಞಾನ ಹಾಗೇ ಉಳಿದಿದೆಯಲ್ಲ ಎಂದರು. ಹಿಜರಿ 94ರಲ್ಲಿ ಉರ್ವಾ ವಫಾತಾದರು. ಅನೇಕ ವಿದ್ವಾಂಸರನ್ನು ಕಳೆದುಕೊಂಡ ಆ ವರ್ಷವನ್ನು ಫುಕಹಾಗಳ ವರ್ಷ ಎಂದೇ ಕರೆಯುತ್ತಾರೆ. ಕೊನೆಯುಸಿರೆಳೆದ ದಿನವೂ ಅವರು ಉಪವಾಸದಲ್ಲಿದ್ದರು.

ನಮ್ಮ ಮನೆಯ ಪಾಗಾರ

ಮನೆಗೆ ಕಷ್ಟ ಬಂದಾಗ ನಾವು ಮೊದಲು ನಿಲ್ಲಿಸುವುದು ಕೊಡುವುದನ್ನು. ಗಲ್ಫ್‌ನ ಕೆಲಸ ಹೋಗಿ ಮಗ ಊರಿಗೆ ಬಂದ, ವ್ಯಾಪಾರ ಬಿದ್ದುಹೋಯಿತು, ಆಸ್ಪತ್ರೆಯ ಬಿಲ್ಲು ಏರಿತು ಎಂದಾಗ ಲೆಕ್ಕವೆಲ್ಲ ಹೋದದ್ದರದ್ದೇ. ಉಳಿದದ್ದನ್ನು ಎಣಿಸಲು ಯಾರೂ ಕೂರುವುದಿಲ್ಲ. ಉರ್ವಾ ಅವರಿಗೆ ನೋವಿನ ಹಾಸಿಗೆಯಲ್ಲಿ ಆ ಲೆಕ್ಕ ಒಮ್ಮೆಲೇ ಬಂದದ್ದಲ್ಲ. ಪ್ರತಿ ವರ್ಷ ಹಣ್ಣಿನ ಕಾಲದಲ್ಲಿ ತೋಟ ತನ್ನದಲ್ಲ ಎಂದು ಅಭ್ಯಾಸ ಮಾಡಿಕೊಂಡವರಿಗೆ, ಕಾಲೂ ಮಗನೂ ತನ್ನವರಲ್ಲ ಎಂದು ಒಪ್ಪಿಕೊಳ್ಳಲು ಸಾಧ್ಯವಾಯಿತು.

ನಮಗೆ ಖರ್ಜೂರದ ತೋಟ ಇಲ್ಲದಿರಬಹುದು. ಹಿತ್ತಲಲ್ಲಿ ಒಂದು ಮಾವು, ಒಂದು ಹಲಸು ಇದ್ದೀತು. ಬೇಸಿಗೆಯಲ್ಲೂ ಬತ್ತದ ಬಾವಿ ಇದ್ದೀತು. ಏನೂ ಇಲ್ಲದಿದ್ದರೆ ಮಕ್ಕಳಿಗೆ ಹೇಳಿಕೊಡುವಷ್ಟು ಕಲಿಕೆ ಇದ್ದೀತು. ನೆರೆಯವರು ಯಾವ ಧರ್ಮದವರೇ ಆಗಿರಲಿ, ಅವರು ಕೇಳುವ ಮೊದಲೇ, ಕೊಟ್ಟೆವೆಂಬ ಸದ್ದಿಲ್ಲದೆ ಅದು ಅವರ ಮನೆ ಸೇರುವಂತಾಗಲಿ. ಬರುವ ಶುಕ್ರವಾರ ಸೂರಃ ಅಲ್ ಕಹ್ಫ್ ಓದುವಾಗ ಎರಡು ತೋಟಗಳ ಕಥೆ ಬಂದಲ್ಲಿ ಒಂದು ಗಳಿಗೆ ನಿಂತು ನಮ್ಮ ಪಾಗಾರದ ಕಡೆಗೂ ನೋಡೋಣ.

ಕೊಟ್ಟಾಗ ಶುಕ್ರ್ ಮಾಡುವ, ತೆಗೆದುಕೊಂಡಾಗ ಸಬರ್ ತಾಳುವ, ಎರಡು ಕಾಲದಲ್ಲೂ ಹಂಚಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.